ಟಿಕೆಟ್ಟಿನ ಆ 200 ರೂಪಾಯಿ ಯಾರದ್ದು? (ಲೆಕ್ಕದ ಮಾತು, ಭಾಗ 6)

ಫ್ಲೈಟ್ ಟಿಕೆಟ್ ಬುಕ್ ಮಾಡುವಾಗ ನಾವೆಲ್ಲ ನೋಡೋದು ಒಟ್ಟು ಮೊತ್ತ ಮಾತ್ರ. ಒಂದ್ಸಲ ಅದರ ಬ್ರೇಕಪ್ ತೆಗೆದು ನೋಡಿ. ಏವಿಯೇಷನ್ ಸೆಕ್ಯುರಿಟಿ ಫೀ, ಅಂದ್ರೆ ಎಎಸ್‌ಎಫ್ ಅಂತ ಒಂದು ಸಾಲು ಸಿಗುತ್ತೆ. 2021ರ ಏಪ್ರಿಲ್‌ನಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಇದನ್ನು 160ರಿಂದ 200 ರೂಪಾಯಿಗೆ ಏರಿಸಿದರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಿದರೂ ಅಷ್ಟೇ, ಬೆಂಗಳೂರಿಂದ ದೆಹಲಿಗೆ ಹಾರಿದರೂ ಅಷ್ಟೇ. 2 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇದೆ. ಸ್ಟೂಡೆಂಟ್ಸ್‌ಗೆ ಇಲ್ಲ, ಕೇಳ್ಬೇಡಿ.

ಈ ದುಡ್ಡು ಏರ್‌ಲೈನ್‌ದಲ್ಲ. ಏರ್‌ಲೈನ್ ನಮ್ಮಿಂದ ವಸೂಲಿ ಮಾಡಿ ನ್ಯಾಷನಲ್ ಏವಿಯೇಷನ್ ಸೆಕ್ಯುರಿಟಿ ಫೀ ಟ್ರಸ್ಟ್‌ಗೆ ಕಟ್ಟಬೇಕು. ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಪಾಸಣೆ ಮಾಡುವ ಸಿಐಎಸ್‌ಎಫ್‌ನಂಥ ಭದ್ರತೆಯ ಖರ್ಚಿಗೆ ಅದು. ನಮ್ಮ ಬಿಕಾಂ ಭಾಷೆಯಲ್ಲಿ ಬ್ಯಾಂಕ್ ಡೆಬಿಟ್, ಎಎಸ್‌ಎಫ್ ಪೇಯಬಲ್ ಕ್ರೆಡಿಟ್. ಆದಾಯ ಅಲ್ಲ, ಹೊಣೆ. ಬೇರೆಯವರ ದುಡ್ಡು ಕೈಯಲ್ಲಿದ್ದಾಗ ಏನಾಗಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಶರ್, 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಪ್ರಯಾಣಿಕರಿಂದ ತಗೊಂಡ ಸೇವಾ ತೆರಿಗೆಯನ್ನು ಕಟ್ಟಿಲ್ಲ ಅಂತ ತೆರಿಗೆ ಇಲಾಖೆ ಅದರ ಮೇಲೆ ಕೇಸು ಹಾಕಿತ್ತು.

ನನ್ನ ತಕರಾರು ಇರೋದು ಇನ್ನೊಂದು ಕಡೆ. ನೀವು ಟಿಕೆಟ್ ಕ್ಯಾನ್ಸಲ್ ಮಾಡಿದಿರಿ, ಅಥವಾ ಟ್ರಾಫಿಕ್‌ನಲ್ಲಿ ಸಿಕ್ಕಿ ಫ್ಲೈಟ್ ಮಿಸ್ ಆಯ್ತು ಅಂದ್ಕೊಳ್ಳಿ. ತಪಾಸಣೆಯೇ ಆಗಿಲ್ಲ, ಶುಲ್ಕ ಯಾಕೆ? ಡಿಜಿಸಿಎ ನಿಯಮವೂ ಇದನ್ನೇ ಹೇಳುತ್ತೆ: ಶಾಸನಬದ್ಧ ತೆರಿಗೆ, ಯುಡಿಎಫ್, ಪ್ರಯಾಣಿಕ ಸೇವಾ ಶುಲ್ಕ ವಾಪಸ್ ಕೊಡಲೇಬೇಕು. (ಈ ಸೇವಾ ಶುಲ್ಕದ ಭದ್ರತಾ ಭಾಗವೇ 2019ರಲ್ಲಿ ಎಎಸ್‌ಎಫ್ ಆಗಿದ್ದು.) ‘ನಾನ್ ರಿಫಂಡಬಲ್’ ಆಫರ್ ಟಿಕೆಟ್ಟಿಗೂ ಇದು ಅನ್ವಯ. ಏಜೆಂಟ್ ಅಥವಾ ಆ್ಯಪ್ ಮೂಲಕ ತಗೊಂಡಿದ್ರೂ ರಿಫಂಡಿನ ಹೊಣೆ ಏರ್‌ಲೈನ್‌ದೇ. ಆದರೆ ಫ್ಲೈಟ್ ಮಿಸ್ ಆದ ಬೇಜಾರಲ್ಲಿ ಇದನ್ನು ಕೇಳೋರು ಎಷ್ಟು ಜನ?

ಇನ್ನೂರು ರೂಪಾಯಿಗೆ ಇಷ್ಟೊಂದು ಯಾಕೆ ಗುರು ಅಂತೀರಾ? ಒಂದು ಟಿಕೆಟ್ಟಿಗೆ ಚಿಲ್ಲರೆ, ಸರಿ. ಆದರೆ ಕೇಳದೇ ಬಿಟ್ಟವರದ್ದೆಲ್ಲ ಕೂಡಿದರೆ? ಯಾರು ವಿಮಾನ ಹತ್ತಿದರು, ಯಾರು ಹತ್ತಲಿಲ್ಲ ಅನ್ನೋ ಲೆಕ್ಕ ಏರ್‌ಲೈನ್ ಬಳಿ ಪಿಎನ್‌ಆರ್ ಸಮೇತ ಇರುತ್ತೆ. ದುಡ್ಡು ತಗೊಳ್ಳೋಕೆ ಒಂದು ಕ್ಲಿಕ್ ಸಾಕು, ವಾಪಸ್ ಕೊಡೋಕೆ ಮಾತ್ರ ನಾವು ಫಾರ್ಮ್ ತುಂಬಬೇಕಾ? ಬಂದ ಖಾತೆಗೇ ತಾನಾಗಿ ಹೋಗಬೇಕು.

ಅಮೆರಿಕದಲ್ಲೂ ಇಂಥದ್ದೇ ಶುಲ್ಕ ಇದೆ. 2001ರ ದಾಳಿಯ ನಂತರ ಬಂದದ್ದು, 2014ರಿಂದ ಒಂದು ಕಡೆಯ ಪ್ರಯಾಣಕ್ಕೆ 5.60 ಡಾಲರ್. ಏರ್‌ಲೈನ್ ಅದನ್ನು ಪ್ರತಿ ತಿಂಗಳು ಸರ್ಕಾರಕ್ಕೆ ಕಟ್ಟಿ, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಜನರಿಂದ ವಸೂಲಿ ಮಾಡುವ ಕಂಪನಿಗೆ ಪ್ರತ್ಯೇಕ ಆಡಿಟ್ ನಿಯಮವೂ ಇತ್ತು, 2003ರಲ್ಲಿ ಅದನ್ನು ಅಮಾನತಿನಲ್ಲಿಟ್ಟರು. ನಮ್ಮಲ್ಲೂ ಪ್ರತಿ ಏರ್‌ಲೈನ್ ವಸೂಲಾದದ್ದು, ಟ್ರಸ್ಟ್‌ಗೆ ಕಟ್ಟಿದ್ದು, ವಾಪಸ್ ಕೊಟ್ಟದ್ದು, ಯಾರೂ ಕೇಳದೆ ಉಳಿದದ್ದು ಅಂತ ನಾಲ್ಕು ಅಂಕಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಉಳಿದದ್ದು ಟ್ರಸ್ಟ್‌ಗೆ ಹೋಗಲಿ, ಕಂಪನಿಯ ಲಾಭಕ್ಕಲ್ಲ.

ಹಳೇ ಕ್ಯಾನ್ಸಲ್ ಟಿಕೆಟ್ ಇದ್ದರೆ ಮೇಲ್‌ನಲ್ಲಿ ಹುಡುಕಿ, ರಿಫಂಡ್‌ನಲ್ಲಿ ಎಎಸ್‌ಎಫ್ ಬಂದಿದೆಯಾ ನೋಡಿ ಕಮೆಂಟ್ ಹಾಕಿ. ಪಿಎನ್‌ಆರ್ ಮುಚ್ಚಿ ಹಾಕ್ರಪ್ಪಾ. ಮುಂದಿನ ಭಾಗದಲ್ಲಿ ಯುಡಿಎಫ್.