ಚಾರ್ಜ್ ಅಲ್ಲ, ರೇಟ್ ಕೇಳಿ

ಮದ್ದೂರು, ಮಳವಳ್ಳಿ ಕಡೆಯಿಂದ ಮಂಡ್ಯಕ್ಕೆ ಓದಲು ಬರುವ ನಮ್ಮಲ್ಲಿ ಕೆಲವರ ಫೀಸು ಸೌದಿ, ದುಬೈಯಿಂದ ಬರುತ್ತದೆ. ನಮ್ಮ ಮಾಮೂ ದಮ್ಮಾಮಿನಿಂದ ಕಳಿಸುವ ಹಣದ ಲೆಕ್ಕ ನೋಡುವವನು ನಾನೇ. ಮನೆಯಲ್ಲಿ ಎಲ್ಲರೂ ಕೇಳುವುದು ‘ಚಾರ್ಜ್ ಎಷ್ಟು?’ ಎಂದು. ಚಾರ್ಜ್ ಇಲ್ಲ ಅಂದರೆ ಖುಷಿ! ಕೇಳಬೇಕಾದ್ದು ಒಂದು ರಿಯಾಲ್‌ಗೆ ಕೈಗೆ ಎಷ್ಟು ರೂಪಾಯಿ ಬರುತ್ತದೆ ಎಂದು. ರೇಟಿನಲ್ಲಿ 30 ಪೈಸೆ ಕಡಿಮೆಯಾದರೂ 2,000 ರಿಯಾಲ್‌ಗೆ 600 ರೂಪಾಯಿ ಹೋಯಿತು. ನಮ್ಮ ನೋಟ್‌ಬುಕ್ಕು, ಗೈಡಿನ ದುಡ್ಡು ಅದು.

ಇನ್ನು ಖಾತೆಯ ವಿಷಯ. ಹೊರದೇಶಕ್ಕೆ ದುಡಿಯಲು ಹೋದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿನ ದುಡಿಮೆ ಕಳಿಸಲು ಎನ್‌ಆರ್‌ಇ ಖಾತೆ ಇದೆ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಬಡ್ಡಿಯೇ ಬೇಡ ಎನ್ನುವ ಮನೆಗಳಿಗೂ ಇದು ಉಪಯೋಗ, ಏಕೆಂದರೆ ಬೇಕಾದಾಗ ಆ ಹಣವನ್ನು ಮತ್ತೆ ವಿದೇಶಕ್ಕೆ ಕಳಿಸಬಹುದು. ಹಣ ಡಾಲರಿನಲ್ಲೇ ಇರಲಿ ಎನ್ನುವವರಿಗೆ ಎಫ್‌ಸಿಎನ್‌ಆರ್ ಠೇವಣಿ ಇದೆ, ಒಂದರಿಂದ ಐದು ವರ್ಷಕ್ಕೆ.

ಹವಾಲಾದಲ್ಲಿ ರೇಟ್ ಜಾಸ್ತಿ ಎನ್ನುತ್ತಾರೆ. ಇರಬಹುದು. ಆದರೆ ಅದು 1999ರ ಫೆಮಾ ಕಾಯ್ದೆಗೆ ವಿರುದ್ಧ, ರಸೀದಿಯೂ ಇಲ್ಲ. ದುಡ್ಡು ಬರದಿದ್ದರೆ ಯಾವ ಬಾಗಿಲು ತಟ್ಟುವುದು?

ಕಾಮರ್ಸ್ ವಿಭಾಗದವರು ಬ್ಯಾಂಕಿನವರೊಬ್ಬರನ್ನು ಕರೆಸಿ ಒಂದು ಪೀರಿಯಡ್ ಇದನ್ನೇ ಹೇಳಿಸಲಿ. ರಜೆಗೆ ಬಂದ ಅಬ್ಬಾಗಳನ್ನೂ ಕರೆಯೋಣ.