ಜಿಗುಪ್ಸೆಯೆಂಬ ಒಂದು ಪದ

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ನಾಲ್ಕು ಸಾಲಿನ ಸುದ್ದಿಯನ್ನು ವಾಚಕರು ಬಲ್ಲರು. ಮಹದೇವಪುರದಂಥ ಕಡೆ ಕೂಲಿಕಾರನೊಬ್ಬ "ಜೀವನದಲ್ಲಿ ಜಿಗುಪ್ಸೆಗೊಂಡು" ಪ್ರಾಣ ಕಳೆದುಕೊಂಡನೆಂದೋ, "ಹೊಟ್ಟೆನೋವು ತಾಳಲಾರದೆ" ತೀರಿಕೊಂಡನೆಂದೋ ಅದರಲ್ಲಿರುತ್ತದೆ. ಪೋಲೀಸರು ಮಹಜರು ಬರೆಯುತ್ತಾರೆ, ವೈದ್ಯರು ಶವಪರೀಕ್ಷೆ ನಡೆಸುತ್ತಾರೆ, ಕಡತ ಮುಚ್ಚುತ್ತದೆ. ದೇಹ ಹೇಗೆ ಸತ್ತಿತೆಂಬುದು ಗೊತ್ತಾಯಿತು. ಮನುಷ್ಯ ಏಕೆ ಸತ್ತನೆಂದು ಕೇಳಿದವರಾರು?

ಕೇಳಿದವರು ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಮತ್ತು ಅವರ ಸಂಗಡಿಗರು ನಗರದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 269 ಮಂದಿಯ ಬದುಕನ್ನು ವಿಚಾರಿಸಿದರು; ಹೋಲಿಕೆಗಾಗಿ ಬದುಕಿರುವ 269 ಮಂದಿಯನ್ನೂ ವಿಚಾರಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದೊಮ್ಮೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಕುಡಿತಕ್ಕೆ ದಾಸರಾದವರು, ಹಠಾತ್ತನೆ ದಿವಾಳಿಯೆದ್ದವರು, ಮನೆಯೊಳಗೆ ಹೊಡೆತ ತಿನ್ನುವವರು, ಕೆಲಸ ಕಳೆದುಕೊಂಡವರು ಆಮೇಲೆ ಬರುತ್ತಾರೆ. ಇವು ಒಂದೊಂದಾಗಿ ಬರುವುದಿಲ್ಲ. ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಇದನ್ನೆಲ್ಲ "ಜಿಗುಪ್ಸೆ" ಎಂಬ ಒಂದು ಪದದಲ್ಲಿ ಹೂತುಬಿಡುವುದು ನ್ಯಾಯವೆ?

ಸರಕಾರದ ಅಂಕಿಗಳೇ ನೋಡಿ. 2021ರಲ್ಲಿ ದೇಶದಲ್ಲಿ 1,64,033 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 42,004 ಮಂದಿ ದಿನಗೂಲಿಗಳು, ಅಂದರೆ ನಾಲ್ವರಲ್ಲಿ ಒಬ್ಬರು. ಸ್ವಂತ ಅಂಗಡಿ, ಕಸುಬು ನಡೆಸುವವರು 20,231. ಸತ್ತವರಲ್ಲಿ ನೂರಕ್ಕೆ 64 ಮಂದಿಯ ವರ್ಷದ ಆದಾಯ ಒಂದು ಲಕ್ಷ ರೂಪಾಯಿಗೂ ಕಡಮೆ. ಬೆಂಗಳೂರು ನಗರವೊಂದರಲ್ಲೇ 2,292. ಆದರೆ ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ ಮೂರನೆಯ ಒಂದು ಪಾಲು "ಕೌಟುಂಬಿಕ ಸಮಸ್ಯೆ" ಎಂದಿದೆ! ಬಾಡಿಗೆ ಕಟ್ಟಲಾಗದೆ ಗಂಡಹೆಂಡಿರು ಜಗಳವಾಡಿದರೆ ಅದು ಕೌಟುಂಬಿಕವೋ, ಕೂಲಿಯದೋ?

ಬಂಗಾರಪೇಟೆ, ಮಾಲೂರುಗಳಲ್ಲಿ ನಸುಕಿಗೇ ರೈಲು ಹತ್ತಿ ವೈಟ್‌ಫೀಲ್ಡಿನಲ್ಲೋ ಹೂಡಿಯಲ್ಲೋ ಇಳಿಯುವ ಜನವನ್ನು ನೋಡಿದವರಿಗೆ ಇದು ಅರ್ಥವಾದೀತು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳಿಗೆ ಈ ರೈಲೇ ಅನ್ನದ ದಾರಿ. ಗಾಜಿನ ಕಟ್ಟಡಗಳ ಕಾವಲು, ಕಸಗುಡಿಕೆ, ಕ್ಯಾಂಟೀನು, ಎಲ್ಲವೂ ಕಂಟ್ರಾಕ್ಟು. ನಾಳೆ ಬರಬೇಡವೆಂದರೆ ಮುಗಿಯಿತು. ವಾರದ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಕಿರುಸಾಲದವರ ಕಿರುಕುಳಕ್ಕೆ ಜನ ಬಲಿಯಾದ ಸುದ್ದಿಗಳು ಸಾಲಾಗಿ ಬಂದಮೇಲೆಯೇ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ ವಿಧಿಸಿತು. ಮನೆ ಬಾಗಿಲಲ್ಲಿ ನಿಂತು ಹೆದರಿಸುವವನ ಮೇಲೆ ದೂರು ಕೊಡುವುದಕ್ಕೆ ಯಾರೂ ಅಂಜಬೇಕಾಗಿಲ್ಲ.

ಎಲ್ಲಕ್ಕೂ ಬಂಡವಾಳಗಾರನೇ ಹೊಣೆಯೆಂದು ಬರೆದು ಕೈತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನು ನಮ್ಮ ಸಂಘದ ಸದಸ್ಯನೂ ಆಗಿರಬಹುದು. ಖಿನ್ನತೆಯು ರೋಗ, ಅದಕ್ಕೆ ಔಷಧವಿದೆ ಎಂಬುದನ್ನು "ಹುಚ್ಚಾಸ್ಪತ್ರೆ"ಯ ಮಾತಾಡಿ ನಗುವವರೂ ನಾವೇ.

ಹಿಂದೆ ಯತ್ನಿಸಿ ಬದುಕುಳಿದವನಿಗೆ ದಂಡಸಂಹಿತೆಯ 309ನೆಯ ಕಲಮಿನ ಭಯವಿತ್ತು. ಯಾರಿಗೆ ಎಲ್ಲರಿಗಿಂತ ಹೆಚ್ಚಿನ ಆರೈಕೆ ಬೇಕೋ ಅವನನ್ನೇ ಮನೆಯವರು ಬಚ್ಚಿಡುತ್ತಿದ್ದರು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆ ಅಂಥವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದು ಭಾವಿಸಿ, ಆರೈಕೆಯ ಹೊಣೆಯನ್ನು ಸರಕಾರದ ಮೇಲೆ ಹಾಕಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಬೀದಿಬೀದಿಯಲ್ಲಿ ಸಾರಬೇಕಾದ ಸಂಗತಿಯಿದು.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಯೋಜನೆಯನ್ನು ಸರಕಾರ ಮಾಡಿತು. ಒಳ್ಳೆಯದೇ. ಆದರೆ ಮಂಗಳವಾರ ರಜೆ ಹಾಕಿದರೆ ದಿನಗೂಲಿಯವನ ಅಂದಿನ ಅನ್ನ ಹೋಯಿತು! ಭಾನುವಾರವೂ ವೈದ್ಯರು ಕುಳಿತುಕೊಳ್ಳಲಿ, ಇ.ಎಸ್.ಐ. ಔಷಧಾಲಯಗಳಲ್ಲಿಯೂ ಕುಳಿತುಕೊಳ್ಳಲಿ. ಅಲ್ಲಿಯವರೆಗೆ, ಮನಸ್ಸು ಕುಸಿದವರು ಯಾರೇ ಇರಲಿ, 14416ಕ್ಕೆ ಫೋನ್ ಮಾಡಬಹುದು. ಇದು ಸರಕಾರದ ಟೆಲಿ-ಮಾನಸ್. ಕನ್ನಡದಲ್ಲಿಯೇ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ. ಈ ಸಂಖ್ಯೆಯನ್ನು ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೇಲೂ, ಕಾರ್ಮಿಕರು ಗೇಟಿನ ಹಲಗೆಯ ಮೇಲೂ ಬರೆದಿಡಬೇಕೆಂದು ಕೋರುತ್ತೇವೆ.