ಪರ್ಮನೆಂಟ್ ಅಂತ ಬರೆದಿದ್ದ ಮಾರ್ಕರ್

ಅಪ್ಪ ಅರ್ಧ ಗಂಟೆ ಕೂತು ಬರೆದ ಎರಡು ಸಾಲನ್ನು ನಾನು ಅರ್ಧ ನಿಮಿಷದಲ್ಲಿ ಅಳಿಸಿಹಾಕಿದೆ. ಬೇಕಂತ ಅಲ್ಲ, ಅದನ್ನು ಕಾಪಾಡೋಕೆ ಹೋಗಿ.

ನಮ್ಮೂರು ತೀರ್ಥಹಳ್ಳಿ ಕಡೆ. ಅಪ್ಪ ಹುಡುಗರಾಗಿದ್ದಾಗಿಂದ ತುಂಗೆಯಲ್ಲಿ ಗಾಳ ಹಾಕಿದವರು. (ಚಿಬ್ಬಲಗುಡ್ಡೆ ಒಂದು ಬಿಟ್ಟು. ಅಲ್ಲಿರೋದು ದೇವರ ಮೀನು. ಮಂಡಕ್ಕಿ ಹಾಕಿ ಕೈ ಮುಗಿದು ಬರಬೇಕು, ಅಷ್ಟೆ.) ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಅವರ ಬಲಗೈ ಸೋತಿತು. ಆಮೇಲೆ ಮಲ್ಲತ್ತಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದರು. ಸಂಜೆ ಕೆರೆ ಕಡೆ ವಾಕಿಂಗ್ ಕರ್ಕೊಂಡು ಹೋದರೆ ಎಲ್ಲರೂ ಮೊಬೈಲ್ ನೋಡ್ತಾ ನಡೀತಾರೆ, ಇವರು ನೀರಿನ ಮೇಲೆ ಏಳೋ ಗುಳ್ಳೆ ನೋಡ್ತಾ ನಿಂತುಬಿಡ್ತಾರೆ. ಅದನ್ನು ನೋಡಿಯೇ ಒಂದು ಗಾಳದ ಕೋಲು ಮಾಡಿಕೊಡೋಣ ಅನ್ನಿಸಿದ್ದು.

ಚಿಕ್ಕಪ್ಪ ಊರಿಂದ ಬಿದಿರು ಕಳಿಸಿದರು. ಅಮಾವಾಸ್ಯೆ ಹತ್ತಿರ ಕಡಿದದ್ದು ತಾನೇ, ಇಲ್ಲಾಂದ್ರೆ ಹುಳ ಹಿಡಿಯುತ್ತೆ ಅಂತ ಅಪ್ಪ ಫೋನಲ್ಲೇ ಎರಡು ಸಲ ಕೇಳಿದರು. ಆರು ತಿಂಗಳು ಅದು ಸೋಫಾ ಹಿಂದೆ ಒಣಗಿತು. ಆಫೀಸ್ ಮೀಟಿಂಗುಗಳ ಮಧ್ಯೆ ಕೂತು ದಾರ ಹೋಗೋ ಉಂಗುರಗಳನ್ನು ರೇಷ್ಮೆ ನೂಲಿನಲ್ಲಿ ಸುತ್ತಿ ಕಟ್ಟಿದೆ. ಕೊನೆಗೆ ಹಿಡಿಯ ಮೇಲ್ಗಡೆ ಹೆಸರು ಬರೀರಿ ಅಂತ ಅಪ್ಪನ ಕೈಗೆ ಮಾರ್ಕರ್ ಕೊಟ್ಟೆ. ಬಲಗೈಯನ್ನು ಎಡಗೈಯಲ್ಲಿ ಹಿಡ್ಕೊಂಡು ಬರೆದರು. ಮೇಲೆ ಹೆಸರು, ಕೆಳಗೆ ‘ತುಂಗೆ’. ಗೆ ಅಕ್ಷರ ಸ್ವಲ್ಪ ಜಾರಿತ್ತು.

ಅದರ ಮೇಲೆ ನಾನು ಬ್ರಷ್‌ನಲ್ಲಿ ಹಚ್ಚಿದ್ದು ಕಾರ್ಪೆಂಟರ್‌ಗಳು ಬಳಸೋ ಅರಗಿನ ಪಾಲಿಶ್. ಚನ್ನಪಟ್ಟಣದ ಗೊಂಬೆಗೂ ಅರಗೇ ಅಲ್ವಾ ಅನ್ನೋದು ನನ್ನ ಲೆಕ್ಕ. ಆದರೆ ಅಲ್ಲಿ ಮರ ಲೇತಿನಲ್ಲಿ ತಿರುಗುವಾಗ ಅರಗನ್ನು ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಅದು ಕರಗಿ ಕೂರುತ್ತೆ. ನಾನು ತಂದಿದ್ದು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಮಾರ್ಕರ್ ಮೇಲೆ ಪರ್ಮನೆಂಟ್ ಅಂತ ಬರೆದಿರುತ್ತಲ್ಲ, ಅದು ನೀರಿಗೆ ಮಾತ್ರ. ಅದರ ಶಾಯಿಯೂ ಸ್ಪಿರಿಟ್‌ನಲ್ಲೇ ಕರಗೋದು. ಒಂದು ಸಲ ಬ್ರಷ್ ಎಳೆದೆ, ಅಪ್ಪನ ಹೆಸರು ಕಪ್ಪು ನೀರಾಗಿ ಬಿದಿರಿನ ಗೆಣ್ಣಿನವರೆಗೂ ಹರಿಯಿತು.

“ಹೋಗ್ಲಿ ಬಿಡು ಮಾರಾಯ, ಕೋಲಿಗೆ ಯಾಕೆ ಹೆಸರು” ಅಂದು ಎದ್ದು ಒಳಗೆ ಹೋದರು. ಬೈದಿದ್ರೆ ವಾಸಿ ಇತ್ತು.

ಮತ್ತೆ ಬರೆಸೋ ಧೈರ್ಯ ನನಗಿರಲಿಲ್ಲ. ಹಳೇ ಡೈರಿಯಲ್ಲಿದ್ದ ಅವರ ಸಹಿಯನ್ನು ಸ್ಕ್ಯಾನ್ ಮಾಡಿ ಡೆಕಾಲ್ ಮಾಡಿಸೋಣ ಅಂದ್ಕೊಂಡೆ. ಸೊಗಸಾದ ಸಹಿ, ಒತ್ತಕ್ಷರ ಬಳ್ಳಿ ಥರ. ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಪ್ಪ ತುಂಬ ಹೊತ್ತು ನೋಡಿದರು. “ಇದು ಬ್ಯಾಂಕಿಗೆ ಹಾಕ್ತಿದ್ದ ಸಹಿ. ಕೋಲು ಹಿಡಿಯೋ ಕೈ ಇದಲ್ಲ. ಒಂದು ಹಾಳೆ ಕೊಡು” ಅಂದರು. ಮೂರು ದಿನ ಬರೆದರು. ಅವರು ಆರಿಸಿಕೊಟ್ಟ ಹಾಳೆ ನನ್ನ ಪ್ರಕಾರ ಚೆನ್ನಾಗಿದ್ದದ್ದಲ್ಲ. ನಾನು ಬಾಯಿ ಬಿಡಲಿಲ್ಲ.

ಈ ಸಲ ಕಲಿತೇ ಕೈ ಹಾಕಿದೆ. ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡೋರಿದ್ದರೆ ಕೇಳಿ. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸೋ ಡೆಕಾಲ್ ಹಾಳೆ ಆನ್‌ಲೈನಲ್ಲಿ ಸಿಗುತ್ತೆ. ಇಂಕ್‌ಜೆಟ್‌ಗೆ ಬೇರೆ, ಲೇಸರ್‌ಗೆ ಬೇರೆ. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದರೆ ನೆನೆಸೋ ಮೊದಲೇ ಕ್ಲಿಯರ್ ಸ್ಪ್ರೇ ಹೊಡೀಬೇಕು, ಇಲ್ಲಾಂದ್ರೆ ಬಟ್ಟಲಲ್ಲೇ ಶಾಯಿ ಬಿಡುತ್ತೆ. ನಾನು ಜ್ಞಾನಭಾರತಿ ಕಡೆ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕೋ ಅಂಗಡಿಯಲ್ಲಿ ಲೇಸರ್‌ನಲ್ಲೇ ತೆಗೆಸಿದೆ. ಟೋನರ್ ಅಂದ್ರೆ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗಲ್ಲ. ತಿನ್ನರ್‌ಗೆ ಮಾತ್ರ ಕರಗುತ್ತೆ, ಹಾಗಾಗಿ ತಿನ್ನರ್ ಬೆರೆಸೋ ಲ್ಯಾಕರನ್ನು ಬ್ರಷ್‌ನಲ್ಲಿ ಎಳೆಯೋ ಹಾಗಿಲ್ಲ.

ಕಲೆಯಾದ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೊದಲು ಒಂದು ಪದರ ಎಪಾಕ್ಸಿ ಹಚ್ಚಿ ಗಟ್ಟಿಯಾಗೋಕೆ ಬಿಟ್ಟೆ. ಒರಟು ಬಿದಿರಿನ ಮೇಲೆ ನೇರ ಅಂಟಿಸಿದರೆ ಪೊರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಕಾಣುತ್ತೆ. ಆಮೇಲೆ ಡೆಕಾಲ್. ಟಿಶ್ಯೂನಲ್ಲಿ ನೀರು, ಗಾಳಿ ಎಲ್ಲ ಮೆಲ್ಲಗೆ ಒತ್ತಿ ತೆಗೆದು ಒಂದು ರಾತ್ರಿ ಹಾಗೇ ಇಟ್ಟೆ. ಮಾರನೇ ದಿನ ಒಂದಡಿ ದೂರದಿಂದ ಅಕ್ರಿಲಿಕ್ ಕ್ಲಿಯರ್ ಸ್ಪ್ರೇ, ಮಂಜಿನ ಹಾಗೆ ತೆಳ್ಳಗೆ ಎರಡು ಸಲ. ಅದೂ ಒಣಗಿದ ಮೇಲೆಯೇ ಕೊನೆಯ ಎಪಾಕ್ಸಿ.

ಎಪಾಕ್ಸಿಗೆ ಅಂದಾಜು ನಡೆಯಲ್ಲ. ನನ್ನ ಬಾಟಲಿಯಲ್ಲಿ ಸಮ ಸಮ ಅಂತಿತ್ತು. ಚೂರು ಬಿದಿರಿನ ಮೇಲೆ ಕಣ್ಣಳತೆಯಲ್ಲಿ ಬೆರೆಸಿ ನೋಡಿದೆ, ವಾರವಾದರೂ ಬೆಲ್ಲದ ಪಾಕದ ಹಾಗೆ ಅಂಟ್ತಿತ್ತು. ಆಮೇಲೆ ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇಟ್ಕೊಂಡೆ. ನಿಧಾನ ಕಲಸಿ ಫಾಯಿಲ್ ಮೇಲೆ ಸುರಿದರೆ ಗುಳ್ಳೆ ಒಡೆಯುತ್ತೆ, ಬೇಗ ಬಿಸಿಯಾಗಿ ಗಟ್ಟಿಯಾಗೋದೂ ತಪ್ಪುತ್ತೆ. ಕೈಗೆ ಗ್ಲೌಸ್ ಬೇಕೇ ಬೇಕು. ಜಿಡ್ಡು ಬೆರಳು ತಾಗಿದ ಕಡೆ ಎಪಾಕ್ಸಿ ಹಿಡಿಯದೆ ದುಂಡಗೆ ಕುಳಿ ಬೀಳುತ್ತೆ. ಪೇಂಟರ್‌ಗಳು ಅದಕ್ಕೆ ಫಿಶ್ ಐ ಅಂತಾರೆ. ಮೀನು ಹಿಡಿಯೋ ಕೋಲಿಗೇ ಮೀನಿನ ಕಣ್ಣು!

ಹಚ್ಚಿದ ಮೇಲೆ ಕೋಲು ತಿರುಗ್ತಾನೇ ಇರಬೇಕು, ಇಲ್ಲಾಂದ್ರೆ ಎಲ್ಲ ಕೆಳಗಿಳಿದು ಹನಿ ಕಟ್ಟುತ್ತೆ. ಕೆಟ್ಟುಹೋದ ಮೈಕ್ರೋವೇವಿನಲ್ಲಿ ತಟ್ಟೆ ತಿರುಗಿಸ್ತಿದ್ದ ಮೋಟರನ್ನು ಪರಿಚಯದ ಎಲೆಕ್ಟ್ರಿಷಿಯನ್ ಬಿಚ್ಚಿ ವೈರ್ ಮಾಡಿಕೊಟ್ಟರು. ನಿಮಿಷಕ್ಕೆ ಆರು ಸುತ್ತು. ತೇವ ಇದ್ದರೆ ಎಪಾಕ್ಸಿ ಮಂಕಾಗುತ್ತೆ ಅಂತ ಮಳೆ ಬಿಡೋದನ್ನೇ ಕಾಯ್ತಿದ್ದೆ. ಒಂದು ಶನಿವಾರ ಬಿಸಿಲು ಬಂತು.

ಅವತ್ತು ರಾತ್ರಿ ಹನ್ನೊಂದಕ್ಕೆ ಎದ್ದು ನೋಡಿದರೆ ಅಪ್ಪ ಬಾಲ್ಕನಿ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದರು. ಹತ್ತು ಸೆಕೆಂಡಿಗೆ ಒಂದು ಸಲ ಹೆಸರು ಮೇಲೆ ಬರ್ತಿತ್ತು, ಕೆಳಗೆ ಹೋಗ್ತಿತ್ತು. ಜಾರಿದ ಗೆ ಕೂಡ.

“ಗೆ ಇನ್ನೂ ಸ್ವಲ್ಪ ಮೇಲೆ ಬರೀಬಹುದಿತ್ತು” ಅಂದರು.

“ಅಳಿಸ್ಲಾ?”

“ಸುಮ್ನಿರು.”

ಮಳೆಗಾಲ ಕಳೆದು ತುಂಗೆ ನೀರು ಇಳಿದ ಮೇಲೆ ಊರಿಗೆ ಹೋಗೋದು ಅಂತ ಆಗಿದೆ. ಏಳಡಿ ಕೋಲನ್ನು ತೀರ್ಥಹಳ್ಳಿ ಬಸ್ಸಿಗೆ ಹೇಗೆ ಹತ್ತಿಸೋದು ಅನ್ನೋದು ಸದ್ಯಕ್ಕೆ ಮನೆಯಲ್ಲಿ ನಡೀತಿರೋ ಚರ್ಚೆ.